ಬಾಣಂತಿಯ ಟಿನೋಲಾ

ಶೇಖವ್ವ ಪಾತ್ರೆ ಎತ್ತಿ, ಪಪ್ಪಾಯಿ ಕಾಯಿ ಹಾಕಿದ, ಕುದಿಯುತ್ತಿದ್ದ ಕೋಳಿ ಸಾರನ್ನೆಲ್ಲ ಬಚ್ಚಲಿಗೆ ಸುರಿದಳು. "ಹನ್ನೆರಡು ದಿನದ ಬಾಣಂತಿ ಪಪ್ಪಾಯಿ ತಿಂತಾಳೇನು? ಕೂಸಿಗೆ ಏನರ ಆದ್ರ ನಿಮ್ಮ ದೇಶದವ್ರು ಬಂದು ನೋಡ್ತಾರೇನು?"

"ಅದು ಟಿನೋಲಾ ರೀ ಅತ್ತಿ. ನಮ್ಮವ್ವ ನಾಕು ಮಕ್ಕಳನ್ನ ಹಡದಾಗೂ ಇದನ್ನ ಉಂಡಾಳ. ಹಾಲು ಬರ್ತೈತಿ," ಎಂದಳು ಲಿಗಾಯ. ಫಿಲಿಪ್ಪೀನ್ಸಿನಿಂದ ಐರಣಿಗೆ ಸೊಸೆಯಾಗಿ ಬಂದು ಕಲಿತ ಕನ್ನಡ ಸಿಟ್ಟಿನಲ್ಲೂ ತಪ್ಪಲಿಲ್ಲ. ಒಳಗೆ ಕೂಸು ಹಸಿದು ಅಳುತ್ತಿತ್ತು. ಎರಡು ದಿನದಿಂದ ಅವಳ ಎದೆಹಾಲು ಅದಕ್ಕೆ ಸಾಲುತ್ತಿರಲಿಲ್ಲ.

"ಇಬ್ರೂ ಸುಮ್ನಿರ್ರಿ," ಎಂದ ಗಂಡ ಮಾಲತೇಶ.

"ನೀ ಸುಮ್ನಿರು!" ಎಂದರು ಇಬ್ಬರೂ.

ಲಿಗಾಯ ಚಾಕು ತೆಗೆದುಕೊಂಡು ಹಿತ್ತಲ ಪಪ್ಪಾಯಿ ಗಿಡದತ್ತ ಹೊರಟಳು. ಇನ್ನೊಂದು ಕಾಯಿ ಕೊಯ್ದು ಮತ್ತೆ ಕುದಿಸುವುದೇ. ಅದನ್ನೂ ಸುರಿದರೆ ಮೂರನೆಯದು. ಹೊಸ್ತಿಲಲ್ಲಿ ಶೇಖವ್ವ ಅವಳ ತೋಳು ಹಿಡಿದು ಎಳೆದಳು. ಕೊಸರಿಕೊಂಡರೂ ಬಿಡಲಿಲ್ಲ. ಗೂಟದಲ್ಲಿದ್ದ ಉಣ್ಣೆಯ ಸ್ಕಾರ್ಫ್ ತೆಗೆದು, ಸೊಸೆಯ ತಲೆ, ಕಿವಿ ಸೇರಿಸಿ ನೋಯುವಷ್ಟು ಬಿಗಿಯಾಗಿ ಗಂಟು ಹಾಕಿದಳು.

"ಹೊರಗ ಗಾಳಿ ಐತಿ," ಎಂದಳು ಹಲ್ಲು ಕಡಿಯುತ್ತ. "ಲಗೂ ಕೊಯ್ಕೊಂಡು ಬಾ. ಕೂಸು ಅಳಾಕತ್ತೈತಿ."