ದಡ್ಡರ ಸಾಲಿಗೆ ಬಂದ ಅವ್ವ

ಈಗಲೂ ಹಸಿ ಸುಣ್ಣದ ವಾಸನೆ ಬಂದರೆ ರಾಯಚೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಿಜಾಮರ ಕಾಲವದು; ಪಾಠವೆಲ್ಲ ಉರ್ದುವಿನಲ್ಲೇ. ದೇವದುರ್ಗದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳಾದ ನಮಗೆ ಉರ್ದು ಬರುತ್ತಿರಲಿಲ್ಲ. ಅದಕ್ಕೇ ಶಾಲೆಯಲ್ಲಿ ನಮ್ಮನ್ನು ದಡ್ಡರೆಂದು ಹಿಂದೆ, ಬರಿ ನೆಲದ ಮೇಲೆ ಕೂರಿಸಿದ್ದರು. ಅಂದು ಶಾಲೆಗೆ ಸುಣ್ಣ ಬಳಿಯಲು ಬಂದಿದ್ದ ಅವ್ವ ಅದನ್ನು ಕಂಡಳು. ಸೆರಗಿಗೆ ಕೈ ಒರೆಸಿಕೊಂಡು ಮಾಸ್ತರರ ಮುಂದೆ ನಿಂತಳು.

"ನನ್ನ ಮಗಳು ದಡ್ಡಿ ಅಲ್ರೀ ಸಾಹೇಬ್ರ. ನಮ್ಮ ಮಾತಿನಾಗ ಒಂದ್ಸಲ ಕೇಳಿ ನೋಡ್ರಿ."

ಮಾಸ್ತರರು ನಕ್ಕು, ತಮ್ಮ ಅರೆಬರೆ ಕನ್ನಡದಲ್ಲಿ ಹದಿನೇಳರ ಮಗ್ಗಿ ಕೇಳಿದರು. ನಾನು ಎಲ್ಲೂ ತಡವರಿಸದೆ ಒಪ್ಪಿಸಿದೆ. ಅವರ ನಗು ನಿಂತಿತು. ಮುಂದಿನ ಸಾಲಿನಲ್ಲಿ ಜಾಗ ತೋರಿಸಿದರು.

ನಾನು ಓಡಿಹೋಗಿ ಕೂತೆ. ಅವ್ವ ಮಾತ್ರ ಕದಲಲಿಲ್ಲ. ಹಿಂದೆ ಉಳಿದಿದ್ದ ಐದು ಮಕ್ಕಳತ್ತ ಕೈ ತೋರಿಸಿದಳು.

"ಇವರನ್ನೂ ಕೇಳ್ರಿ ಯಪ್ಪಾ."

ಮಾಸ್ತರರು ಕುರ್ಚಿ ಬಿಟ್ಟು ಬಂದು, ಅವರೆದುರು ನೆಲದ ಮೇಲೆ ಕೂತರು.