ಕ್ಯಾಲೆಂಡರಿನ ಹಿಂದಿನ ಮಸಿ

ಮಕ್ಕಳ ಮೇಲೆ ಚೀರಾಡಿದರೆ ಮನೆಯ ಗೋಡೆಗೆ ಮಸಿ ಹಿಡಿಯುವುದು ಆ ಊರಲ್ಲಿ ಬಿಸಿಲು ಬಿದ್ದಷ್ಟೇ ಮಾಮೂಲು. ಮಕ್ಕಳ ರಕ್ಷಣಾ ಕಚೇರಿಯ ಮೇಲ್ವಿಚಾರಕಿ ನೀಲಾಂಬಿಕೆ ಎಲ್ಲಿಗೆ ಹೋದರೂ ಮೊದಲು ಗೋಡೆ ನೋಡುತ್ತಿದ್ದಳು.

ಗೋಡೆಯೆಲ್ಲ ಕಪ್ಪಾಗಿದ್ದಕ್ಕೆ ಗಂಗವ್ವನ ಮಗಳನ್ನು ಬಾಲಮಂದಿರಕ್ಕೆ ಸೇರಿಸಿ ಏಳು ತಿಂಗಳಾಗಿತ್ತು. ಈಗ ಇಬ್ಬರು ಅಧಿಕಾರಿಣಿಯರು ಅವಳ ಮನೆಯಲ್ಲಿ ನಿಂತಿದ್ದರು. "ಗ್ವಾಡಿ ಬೆಳ್ಳಗೈತ್ರಿ ಮೇಡಂ, ಹುಡುಗೀನ ಮನಿಗೆ ಕಳಸಬಹುದು" ಎಂದಳು ಆಪ್ತಸಮಾಲೋಚಕಿ ಶಾಂಭವಿ.

"ನಾವು ಬರ್ತೀವಂದ್ರ ಎಲ್ಲಾರೂ ಸುಣ್ಣ ಹಚ್ಚತಾರ" ಎನ್ನುತ್ತ ನೀಲಾಂಬಿಕೆ ಕ್ಯಾಲೆಂಡರ್ ಸರಿಸಿದಳು. ಹಿಂದೆ ಅಂಗೈಯಗಲ ಮಸಿ! ಶಾಂಭವಿಯ ಮುಖ ಬಾಡಿತು.

ಗಂಗವ್ವ ಸೆರಗು ಹಿಂಡತೊಡಗಿದಳು. "ಹೋದ ಐತವಾರ ಮಗಳು ಒಂದಿನದ ಮಟ್ಟಿಗೆ ಮನಿಗೆ ಬಂದಿದ್ಲರಿ. ಹಾಲು ಚೆಲ್ಲಿದ್ಲು, ಒದರಿಬಿಟ್ಟೆ. ಆಮ್ಯಾಲೆ ಕೈ ಹಿಡಕೊಂಡು ತಪ್ಪಾತವ್ವಾ ಅಂದೆ. ನೀವು ನೋಡಿದ್ರ ಕಳಸೂದಿಲ್ಲಂತ ಹೆದರಿ ಮುಚ್ಚಿದೆ."

ನೀಲಾಂಬಿಕೆ ಬಗ್ಗಿ ನೋಡಿದಳು. ಮಸಿ ಅಂಚಿನಿಂದ ಬೂದಿಬಣ್ಣಕ್ಕೆ ತಿರುಗಿ ಕರಗುತ್ತಿತ್ತು. ಸುಣ್ಣ ಮಸಿಯನ್ನು ಮುಚ್ಚೀತು. ಹೀಗೆ ಕರಗಿಸುವುದು ಮನಸಾರೆ ಕೇಳಿದ ಕ್ಷಮೆ ಮಾತ್ರ.

"ಬರಕೋ ಶಾಂಭವಿ. ಗ್ವಾಡಿಗೆ ಮಸಿ ಐತಿ. ಹುಡುಗೀನ ನಾಳೇನ ಮನಿಗೆ ಕಳಸೂದು."

ಗಂಗವ್ವ ಕಣ್ಣೊರೆಸಿಕೊಂಡು ಕ್ಯಾಲೆಂಡರನ್ನು ಮತ್ತೆ ಅದೇ ಮೊಳೆಗೆ ಹಾಕಲು ಹೋದಳು.

"ಅದನ್ನ ಎದುರಿನ ಗ್ವಾಡಿಗೆ ಹಾಕ್ರವ್ವಾ" ಎಂದಳು ನೀಲಾಂಬಿಕೆ. "ಈ ಮಸಿ ಹ್ಯಾಂಗ ಹೋಗ್ತೈತಿ ಅಂತ ಮಗಳೂ ನೋಡ್ಲಿ."