ಸಡಿಲ ಮಣಿಕಟ್ಟು

“ಪಿಸ್ತೂಲಿನ ತಪ್ಪಲ್ಲ, ಬ್ರದರ್ ಓರ್ವಿಲ್. ಮಣಿಕಟ್ಟು ಸಡಿಲ.”

ಮಾತಿಗೆ ಮೊದಲೇ ಬೂಟಿನ ಸದ್ದು ಬಂದಿತ್ತು. ಬಲಗಾಲನ್ನು ಒಂದಿಷ್ಟು ಎಳೆದು ಹಾಕುವ ನಡಿಗೆ. ಗ್ಯಾರೇಜಿನ ಮೇಜಿನ ಮುಂದೆ ಕೂತಿದ್ದ ಓರ್ವಿಲ್ ಟ್ಯಾಕೆಟ್ ತಲೆ ಎತ್ತಲಿಲ್ಲ.

“ಬಾ ಡ್ವೇನ್. ಪರೀಕ್ಷೆ ಇರೋದು ಶನಿವಾರ. ಫಲಿತಾಂಶ ಇವತ್ತೇ ತಂದ್ಯಾ?”

ಡ್ವೇನ್ ಕ್ರಂಪ್ ಚರ್ಚಿನ ಕಾವಲು ಗುಂಪಿನ ಕ್ಯಾಪ್ಟನ್. ಭಾನುವಾರ ಪ್ರಾರ್ಥನೆ ನಡೆಯುವಾಗ ಬಾಗಿಲ ಪಕ್ಕದ ಕುರ್ಚಿಯಲ್ಲಿ ಪಿಸ್ತೂಲು ಇಟ್ಟುಕೊಂಡು ಯಾರು ಕೂರಬೇಕು ಎಂದು ತೀರ್ಮಾನಿಸುವವನು. ಕೆಂಟಕಿಯ ಆ ಕಣಿವೆಯಲ್ಲಿ ಪಾದ್ರಿಯ ನಂತರದ ಗೌರವ ಆ ಕುರ್ಚಿಗೆ. ಗುಂಪು ಶುರುವಾದಾಗ ಅದರಲ್ಲಿ ಮೊದಲು ಕೂತವನು ಓರ್ವಿಲ್. ಅಂದಿನಿಂದ ಅದು ಟ್ಯಾಕೆಟ್ ಮನೆಯ ಕುರ್ಚಿ. ಈಗ ಅದರ ಮೇಲೆ ಡ್ವೇನ್‌ನ ಭಾಮೈದನಿಗೆ ಆಸೆ ಹುಟ್ಟಿತ್ತು.

“ಹೋದ ಸಲ ಕೈ ಬಿಗಿ ಇಲ್ದೆ ಎರಡೆರಡು ಬಾರಿ ಗುಂಡು ಸಿಕ್ಕಿಹಾಕ್ಕೊಂಡಿತು. ಹಾರಿದ್ದೂ ಎಲ್ಲೆಲ್ಲಿಗೋ ಹೋಯ್ತು,” ಎಂದ ಡ್ವೇನ್. “ನಿಜವಾಗ್ಲೂ ಯಾವನಾದ್ರೂ ಬಂದೂಕು ಹಿಡ್ಕೊಂಡು ಒಳಗೆ ನುಗ್ಗಿದ್ರೆ? ‘ಸ್ವಲ್ಪ ತಡಿಯಪ್ಪಾ, ಸಿಕ್ಕಿಹಾಕ್ಕೊಂಡಿದೆ’ ಅನ್ನೋದಾ? ಬೇಜಾರು ಮಾಡ್ಕೋಬೇಡಿ. ಚರ್ಚಿನ ಅಡುಗೆಮನೇಲಿ ಬೀನ್ಸ್ ಬಡಿಸೋಕೆ ಜನ ಬೇಕು. ಅಂಥ ಕೈಗೆ ಅದೇ ತಕ್ಕ ಕೆಲಸ.”

ಮೇಜಿನ ಮೇಲಿನ ಪಿಸ್ತೂಲನ್ನು ಸವರುತ್ತಿದ್ದ ಓರ್ವಿಲ್‌ನ ಬೆರಳುಗಳು ನಿಂತವು. “ಆ ಮಣಿಕಟ್ಟು ಎಷ್ಟು ಗಟ್ಟಿ ಅಂತ ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಪಿಸ್ತೂಲಿನ ತಪ್ಪು ನಾನು ಸರಿ ಮಾಡ್ತೀನಿ. ಕುರ್ಚಿ ಬಿಡೋ ಮಾತೇ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನೆಡ್ರಾ ಕಾಣಿಸಿಕೊಂಡಳು. ಕೈಯಲ್ಲಿ ಆಗಷ್ಟೇ ಒಲೆಯಿಂದ ತೆಗೆದ ಬ್ಲ್ಯಾಕ್‌ಬೆರಿ ಪೈ.

“ಕ್ಯಾಪ್ಟನ್, ಪೈ ತಿಂತೀರೋ, ಇಲ್ಲ ನಮ್ಮ ತಲೆ ತಿಂದೇ ಹೊಟ್ಟೆ ತುಂಬ್ತೋ?”

“ನಾನು ಹೊರಟೆ, ಸಿಸ್ಟರ್ ನೆಡ್ರಾ. ಶನಿವಾರ ಒಂದೇ ಒಂದು ಸಲ ಸಿಕ್ಕಿಹಾಕ್ಕೊಂಡ್ರೂ ಮುಗೀತು.”

ಹೋಗುವ ಮುನ್ನ ಡ್ವೇನ್ ಕೈ ಚಾಚಿದ. ಓರ್ವಿಲ್ ಅದನ್ನು ಹಿಡಿಯಲಿಲ್ಲ. ಗಾಳಿಯಲ್ಲೇ ಉಳಿದ ಕೈಯನ್ನು ಡ್ವೇನ್ ಪೆಚ್ಚಾಗಿ ಜೇಬಿಗೆ ಸೇರಿಸಿಕೊಂಡು ನಡೆದ.

ಟ್ರಕ್ಕು ತಿರುವು ದಾಟುವುದೇ ತಡ, ನೆಡ್ರಾ ಮೂಗು ಹಿಡಿದುಕೊಂಡು ಡ್ವೇನ್‌ನ ಗೊಗ್ಗರು ದನಿಯನ್ನು ಎತ್ತಿದಳು: “ಬ್ರದ್ದರ್ ಓರ್ವಿಲ್ಲ್... ಮಣಿಕಟ್ಟು ಸಡ್ಡಿಲ್ಲ!” ಬಲಗಾಲು ಎಳೆದೂ ತೋರಿಸಿದಳು. ಸಿಮೆಂಟಿನ ಮೇಲೆ ಕಾಲು ಉಜ್ಜಿದ ಸದ್ದಿಗೇ ಓರ್ವಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಕೆಲಸ. ಅಂಗೈಯಲ್ಲಿ ಅಡಗುವ ಪಿಸ್ತೂಲನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಪುಟ್ಟ ಕೇಕು ಬೇಯಿಸುವ ತಟ್ಟೆಯ ಒಂದೊಂದು ಗುಳಿಯಲ್ಲಿಟ್ಟ. ಗುಂಡು ನಳಿಗೆಯೊಳಗೆ ಜಾರುವ ಇಳಿಜಾರಿನ ಮೇಲೆ ಹೆಬ್ಬೆರಳಾಡಿಸಿದ. ತರಿತರಿ. ಹಾರಿದ ಗುಂಡಿನ ಖಾಲಿ ಕವಚವನ್ನು ಹೊರಗೆಳೆಯುವ ಪುಟ್ಟ ಕೊಕ್ಕೆಯ ಅಡಿಯಲ್ಲಿ ಮಸಿ ಗಟ್ಟಿಕಟ್ಟಿತ್ತು. ಗುಂಡು ತುಂಬುವ ಮ್ಯಾಗಜಿನ್ನಿನ ಸ್ಪ್ರಿಂಗು ಸುಸ್ತಾಗಿತ್ತು.

“ಇಷ್ಟು ರೋಗ ಇಟ್ಕೊಂಡು ಮಣಿಕಟ್ಟನ್ನ ಬೈಸ್ತಿದೆ, ನೋಡು,” ಎಂದ.

ಮಸಿ ಕೆರೆದ. ಇಳಿಜಾರನ್ನು ಗಾಜಿನಷ್ಟು ನುಣುಪಾಗುವವರೆಗೆ ಉಜ್ಜಿದ. ಹೊಸ ಸ್ಪ್ರಿಂಗು ಕೂರಿಸುವಾಗ ಅದು ಪುಟಿದು ಎಲ್ಲೋ ಹಾರಿತು. ಓರ್ವಿಲ್ ಮೇಜಿನಡಿ ಬಗ್ಗಲಿಲ್ಲ. ಟಿಣ್ ಎಂದ ದಿಕ್ಕಿಗೆ ಕಿವಿ ಕೊಟ್ಟ. “ಬಾಗಿಲ ಹತ್ರ. ಪೇಂಟಿನ ಡಬ್ಬಿ ಪಕ್ಕ.” ನೆಡ್ರಾ ಎತ್ತಿ ಕೊಟ್ಟಳು. ಅಲ್ಲೇ ಇತ್ತು.

ಕೊನೆಗೆ ಸೈಟು, ಗುರಿ ನೋಡುವ ಗುರುತು. ಕಾರ್ಖಾನೆಯವರು ಕೊಟ್ಟದ್ದು ನಳಿಗೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಕರಿ ಗುಬುಟು. ಗುರಿ ಹಿಡಿಯುವ ಹೊತ್ತಿಗೆ ಅದನ್ನೇ ಹುಡುಕಬೇಕು. ಅದನ್ನು ಕಿತ್ತು ಎತ್ತರದ ಹೊಸ ಸೈಟು ಕೂರಿಸಿದ. ಹಿಂದಿನ ಸೈಟಿನ ಕಚ್ಚನ್ನು ಅಗಲಿಸಿದ.

“ಯಾವ ಬಣ್ಣದ ಚುಕ್ಕಿ ಹಾಕೋಣ?”

“ಕಿತ್ತಳೆ,” ಎಂದಳು ನೆಡ್ರಾ. “ಡ್ವೇನ್ ಬೇಟೆಗೆ ಹಾಕ್ಕೊಳೋ ಟೋಪಿ ಬಣ್ಣ. ಎಷ್ಟು ದೂರದಿಂದ ಕಂಡ್ರೂ ಮೈ ಉರಿಯತ್ತೆ.”

“ಸರಿ. ಮೈ ಉರೀತಿದ್ರೆ ಕೈ ನಡುಗಲ್ಲ.”

ಹಿತ್ತಲ ದಿಬ್ಬದ ಎದುರು ಡಬ್ಬಿಗಟ್ಟಲೆ ಗುಂಡು ಖರ್ಚಾದವು. ಓರ್ವಿಲ್‌ನ ಗಮನವೆಲ್ಲ ಪಿಸ್ತೂಲಿನ ಮೇಲ್ಭಾಗದ ಸ್ಲೈಡು ಹಿಂದೆ ಹೋಗಿ ಮುಂದೆ ಬಂದು ಮುಚ್ಚುವ ಸದ್ದಿನ ಮೇಲೆ. ಎಲ್ಲೋ ಒಂದು ಕಡೆ ಎಳೆತ ಇನ್ನೂ ಇತ್ತು. ಮತ್ತೆ ಬಿಚ್ಚಿದ, ಮತ್ತೆ ಉಜ್ಜಿದ. ಶುಕ್ರವಾರ ಸಂಜೆ ಸದ್ದು ಗಡಿಯಾರದಂತೆ ಬಂತು.

ಶನಿವಾರ ಮುಚ್ಚಿಹೋದ ಗಣಿಯ ಹಿಂದಿನ ಬಯಲಲ್ಲಿ ಕಾವಲು ಗುಂಪು ಸೇರಿತು. ಡ್ವೇನ್‌ನ ಭಾಮೈದ ಪಿಸ್ತೂಲು ಸಿಕ್ಕಿಸುವ ಹೊಸ ಚರ್ಮದ ಪಟ್ಟಿಯನ್ನು ಆಗಲೇ ಸೊಂಟಕ್ಕೆ ಬಿಗಿದುಕೊಂಡು ನಿಂತಿದ್ದ.

“ಟ್ಯಾಕೆಟ್!” ಡ್ವೇನ್ ಕೂಗಿದ. “ಬರಲಿ ನಮ್ಮ ಸಡಿಲ ಮಣಿಕಟ್ಟು!”

ಯಾರೋ ಕಿಸಕ್ಕೆಂದರು. ಓರ್ವಿಲ್ ಬಟ್ಟೆಯ ಚೀಲದಿಂದ ಪಿಸ್ತೂಲು ತೆಗೆದ. ಹೆಬ್ಬೆರಳಿನಿಂದ ಮುಂದಿನ ಸೈಟನ್ನು ಒಮ್ಮೆ ಸವರಿದ.

ಮೊದಲ ಗುಂಡು ಹಾರಿತು. ಎರಡನೆಯದು. ಡ್ವೇನ್ ಕಾದ. ಮ್ಯಾಗಜಿನ್ ಖಾಲಿಯಾಯಿತು, ಇನ್ನೊಂದು ಒಳಗೆ ಹೋಯಿತು, ಅದೂ ಖಾಲಿಯಾಯಿತು. ಎಲ್ಲೂ ತಡೆಯಲಿಲ್ಲ, ತೊದಲಲಿಲ್ಲ.

“ಎಲ್ಲಿ ಬಿದ್ದಿವೆ, ಡ್ವೇನ್? ಜೋರಾಗಿ ಹೇಳು. ಎಲ್ಲರಿಗೂ ಕೇಳಲಿ.”

ಡ್ವೇನ್ ಗುರಿಕಾಗದದ ತೂತುಗಳ ಮೇಲೆ ಅಂಗೈ ಇಟ್ಟು ಅಳೆದ. “ಒಂದು ಬಿಸ್ಕೆಟ್ಟಿನ ಅಗಲದಲ್ಲಿ,” ಎಂದ. “ಎಲ್ಲವೂ. ಕುರ್ಚಿ... ಟ್ಯಾಕೆಟ್ ಮನೇದೇ.”

“ಬೀನ್ಸ್ ಬಡಿಸೋಕೆ ನಿನ್ನ ಭಾಮೈದನ್ನ ಕಳ್ಸು,” ಎಂದ ಓರ್ವಿಲ್.

ನೆಡ್ರಾ ತಾನು ಹಾರಿಸಿದ, ಇನ್ನೂ ಬಿಸಿ ಆರದ ಪಿಸ್ತೂಲನ್ನು ತನ್ನ ಸೊಂಟದ ಚೀಲಕ್ಕೆ ಸೇರಿಸಿ, ಬಿಳಿ ಕೋಲು ಊರಿ ನಿಂತಿದ್ದ ಗಂಡನತ್ತ ಕೈ ಚಾಚಿದಳು. ಕಣ್ಣು ಹೋದಂದಿನಿಂದ ತನ್ನನ್ನು ನಡೆಸಿಕೊಂಡು ಬಂದಿದ್ದ ಆ ಮಣಿಕಟ್ಟನ್ನು ಓರ್ವಿಲ್ ತಡಕಿ ಹಿಡಿದುಕೊಂಡ.